ನಗಿಸುವ ಹೆಸರು, ನಾಚಿಸುವ ಹೆಸರು: ದಾವಣಗೆರೆ ಸೀಮೆಯ ಸ್ಥಳನಾಮ ನಿಷ್ಪತ್ತಿಗಳನ್ನು ಕುರಿತು

ದಾವಣಗೆರೆಯ ಕೆ.ಬಿ. ಬಡಾವಣೆಯ ಹೆಸರನ್ನು ಕೇಳಿ ಯಾರೂ ನಗುವುದಿಲ್ಲ. ಆ ಎರಡು ಅಕ್ಷರಗಳು ಏನನ್ನು ಸೂಚಿಸುತ್ತವೆಂದು ವಿಚಾರಿಸದೆಯೇ ಆಟೋದವರು ಅಲ್ಲಿಗೆ ಕರೆದೊಯ್ಯುತ್ತಾರೆ, ಅಂಚೆಯವರು ಕಾಗದ ತಲುಪಿಸುತ್ತಾರೆ. ಸ್ಥಳನಾಮಕ್ಕೆ ನಿರ್ದೇಶವಿದ್ದರೆ ಸಾಕು, ಅರ್ಥವಿರಲೇಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಾಗಿಲ್ಲ. ಅದೇ ಬಡಾವಣೆಯಿಂದ ಜಗಳೂರಿಗೆ ಹೊರಟವರಿಗೆ ಮಾತ್ರ ‘ಯಾರ ಸಂಗಡ ಜಗಳ?’ ಎಂಬ ಚೇಷ್ಟೆಯ ಪ್ರಶ್ನೆ ಎದುರಾಗುವುದುಂಟು. ಹರಿಹರ ತಾಲ್ಲೂಕಿನ ಕೊಂಡಜ್ಜಿ, ಕುಂಬಳೂರು ಇದೇ ಸಾಲಿನವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹೆಸರು ಬಂದೊಡನೆ ನಗು ನಿಂತು ಮುಜುಗರ ಆರಂಭವಾಗುತ್ತದೆ.

ಇಂತಹ ಹೆಸರುಗಳನ್ನು ವಿವರಿಸುವ ನಮ್ಮ ಬರವಣಿಗೆ, ಸ್ಮರಣ ಸಂಚಿಕೆಯ ಲೇಖನದಿಂದ ಹಿಡಿದು ಪಿಎಚ್.ಡಿ. ಪ್ರಬಂಧದವರೆಗೆ, ಬಹುಪಾಲು ಒಂದೇ ಉಪಕರಣವನ್ನು ನಂಬಿಕೊಂಡಿದೆ. ಹೆಸರನ್ನು ಇಂದಿನ ಕನ್ನಡದಲ್ಲಿ ಕೇಳಿ, ಕೇಳಿದ್ದಕ್ಕೆ ತಕ್ಕ ಕಥೆಯನ್ನು ಹುಡುಕುವುದೇ ಆ ಉಪಕರಣ. ಕಥೆಗಳು ನಮಗೆ ಬೇಡವೆಂದಲ್ಲ. ಜಾನಪದಕ್ಕೆ ಅವು ಸಾಮಗ್ರಿ. ಆದರೆ ಹೆಸರು ವಿನೋದವಾಗಿ ಕೇಳಿಸಲು ಕಾರಣಗಳು ಹಲವು. ಅವನ್ನೆಲ್ಲ ಒಂದೇ ಕಥೆಯ ಚೀಲಕ್ಕೆ ತುಂಬಿದಾಗ ಭಾಷಾವಿಜ್ಞಾನಕ್ಕೆ ಹೇಳಲು ಏನೂ ಉಳಿಯುವುದಿಲ್ಲ.

ಒಂದು ಕಾರಣ, ಊರಿನ ಭಾಷೆಯೇ ಬದಲಾಗಿರುವುದು. ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಡಲ್ ಎಂಬ ಹಳ್ಳಿಯಿದೆ. ಇಂಗ್ಲಿಷ್ ಕಿವಿಗೆ ಅದು ‘ನೀರಸ’. 2012ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಬೋರಿಂಗ್ ಎಂಬ ಊರಿನೊಡನೆ ಅದು ಜೋಡಿ ಮಾಡಿಕೊಂಡಿತು. ಆಮೇಲೆ ಆಸ್ಟ್ರೇಲಿಯದ ಬ್ಲ್ಯಾಂಡ್ ಕೂಡ ಸೇರಿತು. ಮೂರರಲ್ಲಿ ಒಂದೂ ತನ್ನ ಹೆಸರನ್ನು ನೀರಸತೆಯಿಂದ ಪಡೆದಿಲ್ಲ. ಬೋರಿಂಗ್ ಮತ್ತು ಬ್ಲ್ಯಾಂಡ್ ವ್ಯಕ್ತಿಗಳ ಕುಲನಾಮಗಳು. ಡಲ್ ಅನ್ನು ವಿದ್ವಾಂಸರು ನದೀಬಯಲಿನ ಅರ್ಥವುಳ್ಳ ಹಳೆಯ ಕೆಲ್ಟಿಕ್ ಪದಕ್ಕೆ ಜೋಡಿಸುತ್ತಾರೆ. ಗ್ರಾಮಸ್ಥರು ಈ ಆಕಸ್ಮಿಕ ಸಮಧ್ವನಿಯನ್ನು ತಿಳಿದೇ ಫಲಕದ ಮೇಲೆ ಬರೆಸಿ ನಕ್ಕರು. ಅದನ್ನು ನಿಷ್ಪತ್ತಿಯೆಂದು ಹೇಳಿಕೊಳ್ಳಲಿಲ್ಲ.

ಜಗಳೂರಿನ ಸಮಸ್ಯೆ ಬೇರೆ. ಅಲ್ಲಿ ಕನ್ನಡವೇ ಉಳಿದಿದೆ, ಆದರೆ ಸಂಧಿ ಸಾಕ್ಷ್ಯವನ್ನು ನುಂಗಿದೆ. ‘ಊರು’ ಪರವಾದಾಗ ಪೂರ್ವಪದದ ಅಂತ್ಯಸ್ವರ ಲೋಪವಾಗುತ್ತದೆ. ಆದ್ದರಿಂದ ಪೂರ್ವಪದ ಅಕಾರಾಂತವೋ, ಇಕಾರಾಂತವೋ, ಉಕಾರಾಂತವೋ ಎಂಬುದನ್ನು ‘ಜಗಳೂರು’ ಎಂಬ ರೂಪ ಹೇಳಲಾರದು. ಸಾಲದ್ದಕ್ಕೆ ಇಂದಿನ ಳಕಾರದ ಹಿಂದೆ ಹಳಗನ್ನಡದ ಳ ಇರಬಹುದು, ೞ ಇರಬಹುದು. ರೋಮನ್ ಲಿಪಿಯ ಸರ್ಕಾರಿ ದಾಖಲೆಗಳಲ್ಲಿ ಲ-ಳ ಭೇದವೂ ಅಳಿಸಿಹೋಗುತ್ತದೆ. ಇಷ್ಟು ಬಾಗಿಲುಗಳು ತೆರೆದಿರುವಾಗ ‘ಜಗಳ’ವೊಂದನ್ನೇ ಒಳಗೆ ಬಿಟ್ಟುಕೊಳ್ಳುವುದು ನಿಷ್ಪತ್ತಿಯಲ್ಲ, ಕಿವಿಯ ಆಯ್ಕೆ. ತರಗತಿಯಲ್ಲಿ ಲೋಪಸಂಧಿಗೆ ಉದಾಹರಣೆಯಾಗಿ ‘ಜಗಳ + ಊರು’ ಎಂದು ಬರೆದು ವಿದ್ಯಾರ್ಥಿಗಳನ್ನು ನಗಿಸಿದ ತಪ್ಪು ನಮ್ಮದೂ ಹೌದು. ಸಂಧಿ ಸರಿಯಾಗಿತ್ತು, ಬಿಡಿಸಿದ್ದು ಮಾತ್ರ ಆಧಾರವಿಲ್ಲದ್ದಾಗಿತ್ತು.

ಕೊಂಡಜ್ಜಿಯದು ವಿಭಜನೆಯ ಪ್ರಶ್ನೆ. ‘ಕೊಂಡ’ವನ್ನು ‘ಕೊಳ್’ ಧಾತುವಿನ ಕೃದಂತವೆಂದು ಕೇಳಿದರೆ ಅಜ್ಜಿಯ ವ್ಯಾಪಾರ ಕಣ್ಣೆದುರು ಬರುತ್ತದೆ. ಬೆಟ್ಟವೆಂಬ ನಾಮಪದವಾಗಿ ಕೇಳಿದರೆ ಅಲ್ಲಿನ ಗುಡ್ಡಗಳು. ಬೆಂಗಳೂರಿನ ಬೆಂದ ಕಾಳಿನ ಕಥೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಇಮ್ಮಡಿ ವೀರಬಲ್ಲಾಳನಿಗೆ ಮುನ್ನೂರು ವರ್ಷ ಮೊದಲೇ, ಸುಮಾರು 890ರ ಬೇಗೂರು ಶಾಸನದಲ್ಲಿ ಆ ಊರಿನ ಹೆಸರಿದೆ. ಒಂದು ಕಲ್ಲು ಒಂದು ಕಥೆಯನ್ನು ಮುಗಿಸಿತು. ಕಥೆ ಮಾತ್ರ ಪಠ್ಯಗಳಲ್ಲಿ ಇನ್ನೂ ಬೇಯುತ್ತಿದೆ.

ಈಗ ಸೂಳೆಕೆರೆ. ಈ ಸಾಲಿನಲ್ಲಿ ಪೂರ್ವಪದ, ಉತ್ತರಪದಗಳೆರಡೂ ನಿಚ್ಚಳವಾಗಿರುವ ಹೆಸರು ಇದು. ‘ಕೆರೆ’ಯ ಕಕಾರಕ್ಕೆ ಗಕಾರಾದೇಶವೂ ಆಗಿಲ್ಲ. ಇದನ್ನೇ ಪ್ರಮಾಣವೆಂದು ನಾವು ಒತ್ತುವುದಿಲ್ಲ. ದಾವಣಗೆರೆ, ಸಿರಿಗೆರೆಗಳಲ್ಲಿ ಆದೇಶವಿದೆ. ಲೋಕಿಕೆರೆ, ತರೀಕೆರೆಗಳಲ್ಲಿ ಇಲ್ಲ. ಮುಜುಗರ ತಪ್ಪಿಸಲು ಸರದಿಯೆಂಬ ಅರ್ಥದ ಹಳಗನ್ನಡ ‘ಸೂೞ್’ ಪದವನ್ನು ತಂದು, ಸರದಿಯಂತೆ ನೀರು ಹಾಯಿಸಿದ ಕೆರೆ ಎನ್ನುವ ಆಸೆ ಯಾರಿಗಾದರೂ ಹುಟ್ಟಬಹುದು. ಅದು ನಿಲ್ಲದು. ವ್ಯಂಜನದ ಹಿಂದಿನ ೞಕಾರ ಕನ್ನಡದಲ್ಲಿ ಹಾಗೆಯೇ ಉಳಿದು ಬಂದಿಲ್ಲ: ‘ಬಿೞ್ದು’ ‘ಬಿದ್ದು’ ಆಯಿತು, ‘ಎೞ್ದು’ ‘ಎದ್ದು’ ಆಯಿತು. ‘ಸೂೞ್ + ಕೆರೆ’ ಇಂದು ‘ಸೂಳೆಕೆರೆ’ಯಾಗಿ ಉಳಿಯಲು ಕಾರಣವೇ ಇಲ್ಲ, ನಡುವಿನ ಎಕಾರ ಎಲ್ಲಿಂದ ಬಂತೆಂಬ ಪ್ರಶ್ನೆಗೂ ಉತ್ತರವಿಲ್ಲ.

ಹಾಗಾದರೆ ಬದಲಾದದ್ದು ರೂಪವಲ್ಲ, ಪದದ ಮಾನ. ಶಾಸನಗಳಲ್ಲಿ ಸೂಳೆಯರು ದೇವಾಲಯದ ಪರಿಚಾರಕರ ಪಟ್ಟಿಯಲ್ಲಿ, ತಮಗೆ ಸಲ್ಲುವ ಭಾಗದೊಡನೆ ಬರುತ್ತಾರೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯ ಹೆಸರಿನಲ್ಲೂ ಅದು ವೃತ್ತಿಸೂಚಕ. ಸಾಹಿತ್ಯದಲ್ಲಿ ಲೇವಡಿಯ ನೆರಳು ಹಿಂದೆಯೂ ಬಿದ್ದಿರಬಹುದು. ಆದರೆ ವೃತ್ತಿಯ ಅರ್ಥ ಹಿಂದೆ ಸರಿದು ಬೈಗುಳವಷ್ಟೇ ಕೇಳಿಸುವುದು ಹೀನಾರ್ಥಪ್ರಾಪ್ತಿಯ ಕೊನೆಯ ಹಂತ. ಪ್ರಚಲಿತ ಐತಿಹ್ಯದ ಒಂದು ಪಾಠದಲ್ಲಿ ರಾಜಪುತ್ರಿ ಶಾಂತವ್ವೆ ಕೆರೆ ಕಟ್ಟಿಸಲು ಸೂಳೆಯರ ನೆಲವನ್ನು ಕೇಳುತ್ತಾಳೆ. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರು ಬಿಟ್ಟುಕೊಡುತ್ತಾರೆ. ಇದರ ಐತಿಹಾಸಿಕತೆ ಏನೇ ಇರಲಿ, ಹೆಸರೇ ನೆಲದ ಬೆಲೆಯಾಗಿತ್ತೆಂಬುದನ್ನು ಕಥೆ ಮರೆತಿಲ್ಲ.

ಆ ಬೆಲೆಯನ್ನು ‘ಶಾಂತಿಸಾಗರ’ ಎಂಬ ಹೊಸ ಹೆಸರು ಹಿಂದಕ್ಕೆ ಪಡೆಯುತ್ತದೆ. ಶಾಂತವ್ವೆಗೆ ಗೌರವವೆಂದು ಸಮರ್ಥಿಸುವುದೂ ಸುಲಭವಲ್ಲ. ವ್ಯಕ್ತಿನಾಮ ‘ಶಾಂತಿ’ಯೆಂಬ ಭಾವನಾಮದಲ್ಲಿ ಕರಗಿದೆ, ಅವ್ವೆ ಬಿಟ್ಟುಹೋಗಿದ್ದಾಳೆ, ಕೆರೆ ಸಾಗರವಾಗಿದೆ. ಹೆಸರಿನಿಂದ ನೋಯುವವರ ಮಾತನ್ನು ನಾವು ತಳ್ಳಿಹಾಕುತ್ತಿಲ್ಲ. ಕೆರೆಯ ದಂಡೆಯ ಊರಿನವರು ಮದುವೆಯ ಕರೆಯೋಲೆಯಲ್ಲಿ ಏನು ಅಚ್ಚು ಹಾಕಿಸಬೇಕೆಂಬುದು ಅವರ ಹಕ್ಕು. ನಮ್ಮ ತಕರಾರು ವಿದ್ವತ್ ಬರಹದೊಡನೆ. ನಿಷ್ಪತ್ತಿ ಅನಿಶ್ಚಿತವಾದ ಜಗಳೂರಿಗೆ ಕಥೆ ಕಟ್ಟಲು ಉತ್ಸಾಹ ತೋರುವ ಲೇಖನಿ, ನಿಷ್ಪತ್ತಿ ನಿಶ್ಚಿತವಾದ ಸೂಳೆಕೆರೆಯ ಬಳಿ ಬಂದಾಗ ಹಳೆಯ ಹೆಸರನ್ನು ಕಂಸದೊಳಗೆ ತಳ್ಳುತ್ತದೆ.

ಸ್ಥಳನಾಮ ಕೋಶಗಳಲ್ಲಿ ಮುಖ್ಯ ಉಲ್ಲೇಖ ‘ಸೂಳೆಕೆರೆ’ಯೆಂದೇ ಇರಬೇಕು. ‘ಶಾಂತಿಸಾಗರ’ ತಾನು ಮೊದಲು ಅಚ್ಚಾದ ದಾಖಲೆಯ ವರ್ಷದೊಡನೆ ಅಡ್ಡ ಉಲ್ಲೇಖವಾಗಲಿ. ಜಗಳೂರಿನ ಎದುರು, ದೊರೆತ ಅತ್ಯಂತ ಹಳೆಯ ಶಾಸನರೂಪವನ್ನು ಅದರ ಲಿಪಿಯಲ್ಲಿರುವಂತೆಯೇ, ಳ-ೞ ಭೇದ ಕಾಪಾಡಿ ಕೊಟ್ಟು, ಅರ್ಥದ ಅಂಕಣವನ್ನು ಖಾಲಿ ಬಿಡಬಹುದು. ಕೆ.ಬಿ. ಬಡಾವಣೆಗೆ ಇಲ್ಲದ ಕಥೆ ಜಗಳೂರಿಗೂ ಇಲ್ಲದೆ ನಡೆಯುತ್ತದೆ.