ಹಾಯ್ಕು ಮತ್ತು ಋತುವಿನ ಮಾತು

ಹದಿನೇಳು ಅಕ್ಷರಗಳನ್ನು ಎಣಿಸಿ ಮೂರು ಸಾಲುಗಳಲ್ಲಿ ಜೋಡಿಸಿದರೆ ಹಾಯ್ಕು ಆಯಿತೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ವಾಚಕರೇ, 5-7-5 ಎಂಬುದು ಜಪಾನೀ ಭಾಷೆಯ ಧ್ವನಿಮಾತ್ರೆಗಳ ಲೆಕ್ಕ. ಅದು ಈ ಕವಿತೆಯ ದೇಹ. ಉಸಿರು ಇರುವುದು ‘ಕಿಗೊ’ ಎಂಬ ಋತುಸೂಚಕ ಪದದಲ್ಲಿ. ಕಪ್ಪೆಯೆಂದರೆ ವಸಂತ, ಇಬ್ಬನಿಯೆಂದರೆ ಶರತ್ಕಾಲ.

ಈ ಪದ ಬರಿಯ ಅಲಂಕಾರವಲ್ಲವೆಂಬುದಕ್ಕೆ 1763ರಲ್ಲಿ ಜನಿಸಿದ ಇಸ್ಸಾ ಕವಿಯೇ ಸಾಕ್ಷಿ. 1819ರಲ್ಲಿ ಆತನ ಪುಟ್ಟ ಮಗಳು ಸಾತೊ ಸಿಡುಬಿಗೆ ಬಲಿಯಾದಳು. ಬೌದ್ಧನಾದ ಆತನಿಗೆ ಅನಿತ್ಯತೆಯ ತತ್ತ್ವ ಹೊಸದಲ್ಲ. ಆ ದುಃಖದಲ್ಲಿ ಬರೆದ ಕಿರುಗವಿತೆಯಲ್ಲಿ ಇಬ್ಬನಿಯನ್ನು ನೆನೆದು ಆ ತತ್ತ್ವಕ್ಕೆ ತಲೆಬಾಗುತ್ತಾನೆ. ತಂದೆಯ ಕರುಳು ಮಾತ್ರ ಬಾಗುವುದಿಲ್ಲ. ಕವಿತೆ ಅಲ್ಲಿಗೇ ನಿಲ್ಲುತ್ತದೆ, ಸಮಾಧಾನ ಹೇಳುವುದಿಲ್ಲ.

ವಚನಗಳಲ್ಲಿ ಕಿರಿದರೊಳಗೆ ಹಿರಿದನ್ನು ಸವಿದ ನಮಗೆ ಈ ನಿಲುಗಡೆ ಅಪೂರ್ಣವೆನಿಸಬಹುದು. ಶರಣರು ತಮ್ಮ ಅಳಲನ್ನು ಅಂಕಿತದ ದೈವಕ್ಕೆ ಒಪ್ಪಿಸಿದರು. ಇಸ್ಸಾ ಅದನ್ನು ಋತುವಿನ ಮಡಿಲಲ್ಲಿಟ್ಟು ಮೌನಿಯಾದನು. ಎರಡೂ ಅರ್ಪಣೆಯೇ.

ಕನ್ನಡದಲ್ಲಿ ಹಾಯ್ಕು ರಚಿಸಹೊರಟವರು ಜಪಾನಿನ ಚೆರಿ ಹೂವನ್ನು ಎರವಲು ತರಬೇಕಾಗಿಲ್ಲ. ಮೃಗಶಿರಾ, ಆರಿದ್ರಾ, ಸ್ವಾತಿ ಎಂದು ಮಳೆಗೆ ಹೆಸರಿಟ್ಟ ನಮ್ಮ ಒಕ್ಕಲಿಗನ ಬಾಯಲ್ಲಿ ಋತುವಿನ ಪದಗಳು ಸಿದ್ಧವಾಗಿವೆ. ಮೊದಲು ಅವನ್ನು ಆಲಿಸೋಣ. ಅಕ್ಷರಗಳನ್ನು ಆಮೇಲೆ ಎಣಿಸೋಣ.