ಬೀಗದ ಕೈ ಹಿಡಿದವರು

ಪ್ರತಿ ಕೃಷ್ಣಾಷ್ಟಮಿಗೂ ನಾವು ಕೇಳುವ ಕಥೆಯಲ್ಲಿ ಸೆರೆಮನೆಯ ಕಾವಲುಗಾರರಿದ್ದಾರೆ. ಯೋಗಮಾಯೆ ಕವಿದಾಗ ಅವರು ನಿದ್ರಿಸುತ್ತಾರೆ. ಶಿಶುವಿನ ಅಳು ಕೇಳಿದೊಡನೆ ಎದ್ದು ಕಂಸನಿಗೆ ಸುದ್ದಿ ಮುಟ್ಟಿಸಲು ಓಡುತ್ತಾರೆ. ಅಲ್ಲಿಗೆ ಅವರ ಪಾತ್ರ ಮುಗಿಯಿತು. ದೇವಕಿಯ ಆರು ಕೂಸುಗಳು ಹತವಾದಾಗ ಬಾಗಿಲಲ್ಲಿ ನಿಂತಿದ್ದವರ ಮನಸ್ಸು ಹೇಗಿತ್ತೆಂದು ಯಾವ ಹರಿದಾಸರೂ ಹೇಳಿದ್ದನ್ನು ನಾವು ಕೇಳಿಲ್ಲ.

ಅನಂತರದ ಕಥೆ, ಸಿನಿಮಾಗಳಲ್ಲೂ ಈ ಅನಾದರ ಅಷ್ಟಾಗಿ ತಪ್ಪಿಲ್ಲ. ಸೆರೆಮನೆಯ ಅಧಿಕಾರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರೇ ವೇಷ: ಕ್ರೂರಿ, ವಿದೂಷಕ ಅಥವಾ ಸಂತ. ಕ್ರೂರಿಯ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ನಾಯಕನ ಬೆನ್ನ ಮೇಲೆ ಬಾಸುಂಡೆ ಬರಬೇಕಾದರೆ ಆತ ಬೇಕೇ ಬೇಕು.

ವಿದೂಷಕನಿಗೆ ‘ಶೋಲೆ’ (1975) ಚಿತ್ರದ ಅಸ್ರಾನಿಯವರೇ ಮಾದರಿ. ಹಿಟ್ಲರ್ ಮೀಸೆಯ ಆ ಜೈಲರು ಸಿಬ್ಬಂದಿಯನ್ನೆಲ್ಲ ಎರಡು ಕಡೆಗೆ ಹಂಚಿ ಕಳುಹಿಸಿ, ಹಿಂದೆ ಒಬ್ಬರೂ ಇಲ್ಲದೆ ದಾಪುಗಾಲು ಹಾಕುತ್ತಾನೆ. ತಾನು ಬ್ರಿಟಿಷರ ಕಾಲದವನೆಂಬುದು ಆತನ ಹೆಮ್ಮೆ. ನಾವೂ ಹೊಟ್ಟೆ ಹುಣ್ಣಾಗುವಂತೆ ನಕ್ಕವರೇ. ಆದರೆ 1894ರ ಬಂದೀಖಾನೆ ಕಾಯಿದೆಯೇ ಸ್ವಾತಂತ್ರ್ಯ ಬಂದು ಹಲವು ದಶಕಗಳವರೆಗೂ ನಡೆಯಿತೆಂಬುದನ್ನು ನೆನೆದರೆ, ಆ ನಗೆಯಲ್ಲಿ ಸತ್ಯವೂ ಇದೆಯೆಂದು ತಿಳಿಯುತ್ತದೆ.

ಸಂತನ ವೇಷ ವಿ. ಶಾಂತಾರಾಂ ಅವರ ‘ದೋ ಆಂಖೇಂ ಬಾರಹ್ ಹಾಥ್’ (1957) ಚಿತ್ರದ್ದು. ಜೈಲರು ಆದಿನಾಥ ಆರು ಮಂದಿ ಕೊಲೆಗಾರರನ್ನು ಬರಡು ನೆಲಕ್ಕೆ ಕರೆದೊಯ್ದು ಬೇಸಾಯಕ್ಕೆ ಹಚ್ಚುತ್ತಾನೆ. ಕೊನೆಗೆ ಅವರಿಗಾಗಿಯೇ ಪ್ರಾಣ ಕೊಡುತ್ತಾನೆ. ಚಿತ್ರ ಉದಾತ್ತವಾದದ್ದು, ಸಂಶಯವಿಲ್ಲ. ನಮ್ಮ ತಕರಾರು ಬೇರೆ. ಇದಕ್ಕೆ ಪ್ರೇರಣೆ ಔಂಧ್ ಸಂಸ್ಥಾನದಲ್ಲಿ 1939ರಲ್ಲಿ ನೆಲೆಗೊಂಡ ಸ್ವತಂತ್ರಪುರವೆಂಬ ಬಯಲು ಬಂದೀಖಾನೆ. ಅದರ ಹಿಂದಿದ್ದವರು ಪೋಲೆಂಡಿನ ಮಾರಿಸ್ ಫ್ರೀಡ್‌ಮನ್. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ನಮ್ಮ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯಲ್ಲಿದ್ದ ಇಂಜಿನಿಯರು. ಅಂಥ ಏರ್ಪಾಡು ನಿಲ್ಲುವುದು ಒಬ್ಬ ಮಹಾತ್ಮನ ಕಣ್ಣಿನ ಬಲದಿಂದಲ್ಲ. ದಿನದಿನವೂ ಹಾಜರಿ ಹಾಕುವ, ಧಾನ್ಯ ಅಳೆಯುವ ಸಾಮಾನ್ಯ ನೌಕರರಿಂದ. ಸಂತನನ್ನು ಕಂಡು ಕಣ್ಣೊರೆಸಿಕೊಂಡ ಪ್ರೇಕ್ಷಕನು ಈ ನೌಕರನನ್ನು ಮರೆತೇ ಮನೆಗೆ ಹೋಗುತ್ತಾನೆ.

ಆ ನೌಕರನನ್ನು ಬರೆಯಲು ನೌಕರನೇ ಬೇಕಾಯಿತು. ಬಂಗಾಳದ ಸೆರೆಮನೆಗಳಲ್ಲಿ ಅಧಿಕಾರಿಯಾಗಿದ್ದ ಚಾರುಚಂದ್ರ ಚಕ್ರವರ್ತಿಯವರು ‘ಲೌಹಕಪಾಟ’ ಬರೆದರು. ಇಟ್ಟುಕೊಂಡ ಕಾವ್ಯನಾಮ ‘ಜರಾಸಂಧ’! ರಾಜರನ್ನು ಸೆರೆಯಲ್ಲಿಟ್ಟ ಮಗಧದ ದೊರೆಯ ಹೆಸರನ್ನು ತಾನೇ ಹೊತ್ತುಕೊಂಡ ಆ ಧೈರ್ಯವನ್ನು ಮೆಚ್ಚಲೇಬೇಕು. ಅವರ ‘ತಾಮಸಿ’ಯೇ ಬಿಮಲ್ ರಾಯ್ ಅವರ ‘ಬಂದಿನಿ’ (1963) ಆಯಿತು. ಅಲ್ಲಿ ತರುಣ್ ಬೋಸ್ ವಹಿಸಿದ ಜೈಲರು ಪವಾಡ ಮಾಡುವುದಿಲ್ಲ. ಕೈದಿ ಕಲ್ಯಾಣಿಯ ಪೂರ್ವವೃತ್ತಾಂತ ಅವನ ಮುಂದೆ ಬಿಚ್ಚಿಕೊಳ್ಳುತ್ತದೆ. ಅವನು ಅದಕ್ಕೆ ಮನಸ್ಸು ಕೊಡುತ್ತಾನೆ. ಅಷ್ಟು ಸಾಕು.

ಇನ್ನೂ ಆಳಕ್ಕೆ ಇಳಿದವರು ಟಾಲ್‌ಸ್ಟಾಯ್. ‘ಪುನರುತ್ಥಾನ’ (1899) ಕಾದಂಬರಿಯ ಬಂದೀಖಾನೆಯ ಅಧಿಕಾರಿ ದಣಿದ ಮನುಷ್ಯ. ಆತನ ಮನೆಯೊಳಗೆ ಮಗಳು ಪಿಯಾನೋದ ಮೇಲೆ ಲಿಸ್ಟ್‌ನ ಕೃತಿಯೊಂದನ್ನು ಅಭ್ಯಾಸ ಮಾಡುತ್ತಿರುತ್ತಾಳೆ. ಒಂದೇ ಕಡೆ ಎಡವಿ ಮತ್ತೆ ಮೊದಲಿಂದ ಆರಂಭಿಸುತ್ತಾಳೆ. ಕೆಲಸ ಬಲು ಕಷ್ಟದ್ದೆಂದು ಆತ ನಿಟ್ಟುಸಿರಿಡುತ್ತಾನೆ. ಆ ಜೈಲಿನಲ್ಲೇ ಕೈದಿಗಳಿಗೆ ಛಡಿ ಏಟೂ ಬೀಳುತ್ತದೆ. ಆತ ಕೆಟ್ಟವನಲ್ಲ, ಆದರೂ ಕೆಟ್ಟದ್ದು ಆತನ ಕೈಯಿಂದಲೇ ನಡೆದುಹೋಗುತ್ತದೆ.

ಈ ಪುಟಗಳನ್ನು ಓದುವಾಗ ನಮಗೆ ಮುಜುಗರವಾಯಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ಹಿಂದೆ ಕುಳಿತವರು ನಾವು. ಪಿಂಚಣಿಗಾಗಿ ಅಲೆದು ಬಂದ ಮುದುಕಿಗೆ, ಒಂದು ಸಹಿ ಕಡಿಮೆಯಿದೆಯೆಂದು, ನಿಯಮದಲ್ಲಿ ಅವಕಾಶವಿಲ್ಲವೆಂದು ನಾವೂ ಹೇಳಿದ್ದೇವೆ. ಸಂಜೆ ಮನೆಗೆ ಬಂದು ಮಗಳ ಸಂಗೀತಪಾಠಕ್ಕೆ ತಲೆದೂಗಿದ್ದೇವೆ. ಕ್ರೂರಿ ಜೈಲರನ್ನು ಬಯ್ಯುವುದು, ವಿದೂಷಕನಿಗೆ ನಗುವುದು, ಸಂತನಿಗೆ ಕೈಮುಗಿಯುವುದು ಸುಲಭ. ಆ ಮೂವರೂ ನಮ್ಮಂತಿಲ್ಲ. ಟಾಲ್‌ಸ್ಟಾಯ್ ತೋರಿಸಿದವನು ಮಾತ್ರ ನಮ್ಮ ಪಕ್ಕದ ಮೇಜಿನವನು.

ಅಂಥವನೊಬ್ಬ ಕನ್ನಡದ ಕಾದಂಬರಿಯೊಂದರಲ್ಲಿ ನಾಯಕನಾಗಿ ಬರಲೆಂಬುದು ನಮ್ಮ ಆಸೆ. ಅಲ್ಲಿಯವರೆಗೆ ವಾಚಕರು ‘ಬಂದಿನಿ’ಯನ್ನು ಮತ್ತೊಮ್ಮೆ ನೋಡಲಿ; ಈ ಸಲ ನೂತನ್ ಅವರ ಮುಖದಿಂದ ಕಣ್ಣು ತೆಗೆದು, ಆಗಾಗ ಜೈಲರ ಕಡೆಗೂ ನೋಡಲಿ.