ಕೆಂಪು ದೀಪದ ಜಾಗದಲ್ಲಿ ನೀಲಿ

ಹಳೆಯ ವಾಲ್ವ್ ರೇಡಿಯೋಗಳಿಗೂ ವಾಲ್ವ್ ಮೈಕ್‌ಸೆಟ್ಟುಗಳಿಗೂ ಈಗ ಮತ್ತೆ ಬೆಲೆ ಬಂದಿದೆ. ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪೆಟ್ಟಿಗೆಗಳನ್ನು ಇಳಿಸಿ, ಒರೆಸಿ, ರಿಪೇರಿ ಮಾಡಿಸಿ ಹಜಾರದಲ್ಲಿಡುವ ಹವ್ಯಾಸ ಬೆಂಗಳೂರಿನಿಂದ ಹೊರಟು ಮದ್ದೂರು, ಮಂಡ್ಯ, ಮಳವಳ್ಳಿಗಳನ್ನೂ ಮುಟ್ಟಿದೆ. ಸಂತೋಷದ ಸಂಗತಿಯೇ. ಆದರೆ ಹೀಗೆ ಮರುಜೀವ ಪಡೆದ ಹತ್ತಾರು ಸೆಟ್ಟುಗಳನ್ನು ಕಂಡ ಮೇಲೆ ನಮ್ಮದೊಂದು ತಕರಾರು ಉಳಿದಿದೆ. ಅದು ಗುಂಡಿಯಷ್ಟು ಗಾತ್ರದ ಜಾಗದ ಬಗ್ಗೆ. ಮುಖಫಲಕದ ಮೇಲೆ ಮೊದಲು ಕೆಂಪಾಗಿಯೋ ಜೇನಿನ ಬಣ್ಣದಲ್ಲೋ ಮೆಲ್ಲಗೆ ಉರಿಯುತ್ತಿದ್ದ ಇಂಡಿಕೇಟರ್ ದೀಪ ಹೋಗಿ, ಅಲ್ಲಿ ಕಣ್ಣು ಚುಚ್ಚುವ ನೀಲಿ ಎಲ್‌ಇಡಿ ಬಂದು ಕೂತಿದೆ.

ಒಂದು ಬಲ್ಬಿಗೆ ಇಷ್ಟು ರಾದ್ಧಾಂತವೇ ಎಂದು ಓದುಗರು ಕೇಳಬಹುದು. ಅಮೆರಿಕದ ಫೆಂಡರ್ ಕಂಪನಿಯ ಹಳೆಯ ಗಿಟಾರ್ ಆಂಪ್ಲಿಫೈಯರುಗಳ ಮುಖದಲ್ಲಿ, ಹರಳಿನಂತೆ ಕಡೆದ ಕೆಂಪು ಗಾಜಿನ ದೀಪವೊಂದಿರುತ್ತದೆ. ಅದನ್ನು ತೆಗೆದು ನೇರಳೆಯನ್ನೋ ಹಸಿರನ್ನೋ ಹಾಕುವುದು ಸರಿಯೇ ಎಂದು ಅಲ್ಲಿನ ಹವ್ಯಾಸಿಗಳು ವರ್ಷಗಳಿಂದ ಕಿತ್ತಾಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಆ ಜಗಳವೇ ಇಲ್ಲ. ನಾಟಕದ ಪರದೆಯ ಬಣ್ಣ ಬದಲಾದರೆ ವಿಮರ್ಶೆ ಬರೆಯುವ ನಾವು, ಆ ನಾಟಕದ ದನಿಯನ್ನು ಊರಿಗೆಲ್ಲ ಕೇಳಿಸಿದ ಪೆಟ್ಟಿಗೆಯ ಬಗ್ಗೆ ಒಂದು ಸಾಲನ್ನೂ ಬರೆದವರಲ್ಲ.

ಆ ದೀಪ ಬರೀ ಅಲಂಕಾರವಾಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ವಾಲ್ವುಗಳೊಳಗಿನ ಫಿಲಮೆಂಟನ್ನು ಕಾಯಿಸಲು ಟ್ರಾನ್ಸ್‌ಫಾರ್ಮರಿನಲ್ಲಿ 6.3 ವೋಲ್ಟಿನ ಪ್ರತ್ಯೇಕ ಸುತ್ತೊಂದಿರುತ್ತದೆ. ಇಂಡಿಕೇಟರ್ ಬಲ್ಬು ಸಾಮಾನ್ಯವಾಗಿ ಅದೇ ಸುತ್ತಿನಿಂದ ಕರೆಂಟು ಪಡೆಯುತ್ತದೆ. ಅಂದರೆ ವಾಲ್ವುಗಳು ಉಣ್ಣುವ ತಟ್ಟೆಯಲ್ಲೇ ಅದೂ ಉಣ್ಣುತ್ತದೆ. ಫಿಲಮೆಂಟ್ ಬಲ್ಬಿನ ಗುಣವೇನೆಂದರೆ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಅದರ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ, ಬಣ್ಣವೂ ಹಳದಿಯಿಂದ ಕೆಂಪಿನ ಕಡೆಗೆ ಜಾರುತ್ತದೆ. ಮೀಟರು ಇಲ್ಲದ ಮೈಕ್‌ಸೆಟ್ಟಿನವನಿಗೆ ಅದೇ ಮೀಟರು.

ಮಂಡ್ಯ ಸೀಮೆಯಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಇಲ್ಲಿನ ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ಕಟ್ಟುತ್ತಾರೆ. ರೈತರು, ಮೇಷ್ಟ್ರುಗಳು, ಕಬ್ಬಿನ ಗಾಡಿ ಹೊಡೆದವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿತು, ಒಂದು ರಾತ್ರಿ ಭೀಮನೋ ದುರ್ಯೋಧನನೋ ಆಗುತ್ತಾರೆ. ವಾಲ್ವ್ ಸೆಟ್ಟುಗಳ ಕಾಲದಲ್ಲಿ, ಸುತ್ತಲ ಗದ್ದೆಗಳಲ್ಲಿ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜು ನೆಲ ಕಚ್ಚುತ್ತಿತ್ತು. ರಂಗದ ಮೇಲೆ ದೊಡ್ಡ ದೀಪಗಳನ್ನು ಹೊತ್ತಿಸಿದರೆ ಇನ್ನಷ್ಟು ಇಳಿಯುತ್ತಿತ್ತು. ಪಕ್ಕದ ಬೆಂಚಿನ ಮೇಲೆ ಸೆಟ್ಟಿಟ್ಟುಕೊಂಡು ಕೂತವನು ಆ ಕೆಂಪು ಚುಕ್ಕೆ ಕುಗ್ಗುವುದನ್ನು ನೋಡಿ, ದನಿ ಒಡೆಯುವ ಮೊದಲೇ ಗುಂಡಿ ತಿರುಗಿಸುತ್ತಿದ್ದ. ಕಂದಪದ್ಯದ ಎಳೆತ ಎಲ್ಲಿಯವರೆಗೆ ಹೋಗಬಹುದೆಂದು ನಟನಿಗಿಂತ ಅವನಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಇಲ್ಲೊಂದು ಮಾತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಕಂಬದ ಬುಡದ ಹಳ್ಳಿಗಳು ಬಹುಕಾಲ ಕಾದವು. ಕರೆಂಟು ಬಂದ ಮೇಲೂ ಅದು ಎಷ್ಟು ಬಂದಿದೆ ಎಂದು ಅನುಮಾನದಿಂದ ನೋಡುವ ಅಭ್ಯಾಸ ಈ ಸೀಮೆಯವರಿಗೆ ಬಂದದ್ದು ಸುಮ್ಮನೆ ಅಲ್ಲ. ಆ ಅನುಮಾನಕ್ಕೆ ಉತ್ತರ ಹೇಳುತ್ತಿದ್ದ ಸಾಕ್ಷಿ ಈ ಬಲ್ಬು.

ಎಲ್‌ಇಡಿ ಈ ಸಾಕ್ಷಿ ಹೇಳುವುದಿಲ್ಲ. ವೋಲ್ಟೇಜು ಸ್ವಲ್ಪ ಇಳಿದರೂ ಅದರ ಬಣ್ಣ ಬದಲಾಗದು, ಬೆಳಕಿನ ಇಳಿತ ಕಣ್ಣಿಗೆ ಅಷ್ಟಾಗಿ ತಿಳಿಯದು. ಇನ್ನೂ ಕೆಟ್ಟದ್ದೆಂದರೆ, ಅನೇಕರು 230 ವೋಲ್ಟಿನ ರೆಡಿಮೇಡ್ ಇಂಡಿಕೇಟರನ್ನು ತಂದು ನೇರ ಪ್ಲಗ್ಗಿನ ವೈರಿಗೇ ಜೋಡಿಸುತ್ತಾರೆ. ಟ್ರಾನ್ಸ್‌ಫಾರ್ಮರು ಸುಟ್ಟು ಕರಕಲಾಗಿದ್ದರೂ ಅದು ಝಗಮಗಿಸುತ್ತಲೇ ಇರುತ್ತದೆ. ಕೆಲವು ಹಳೆಯ ಸೆಟ್ಟುಗಳಲ್ಲಿ ನಿಯಾನ್ ದೀಪವೂ ಹೀಗೆ ನೇರ ಕರೆಂಟಿನಿಂದಲೇ ಉರಿಯುತ್ತಿತ್ತು, ನಿಜ. ಅಂಥ ಕಡೆ ಬದಲಿಗೆ ನಮ್ಮ ಆಕ್ಷೇಪವೂ ಅಷ್ಟಿಲ್ಲ.

ಆ ನೀಲಿಯೇ ಯಾಕೆ? ನೀಲಿ ಗಾಜು ತೊಡಿಸಿದ ಬಲ್ಬು ಹಿಂದೆಯೂ ಇತ್ತು. ಆದರೆ ಈ ಹರಿತವಾದ ನೀಲಿ ಇರಲಿಲ್ಲ. ಪ್ರಖರವಾದ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದು 1993ರಲ್ಲಿ, ಜಪಾನಿನ ನಿಚಿಯಾ ಕಂಪನಿಯ ಶೂಜಿ ನಕಮುರಾ ಅವರ ಕೆಲಸದಿಂದ. ಅವರಿಗೆ ಅಕಸಾಕಿ, ಅಮಾನೊ ಅವರೊಂದಿಗೆ 2014ರಲ್ಲಿ ನೊಬೆಲ್ ಬಂತು. ಅದು ದೊಡ್ಡ ಸಾಧನೆ, ಇಂದು ನಮ್ಮ ಮನೆಗಳ ಬಿಳಿ ಬೆಳಕೆಲ್ಲ ಅದರ ಕೊಡುಗೆ. ಆದರೆ 1960ರ ದಶಕದ ಪೆಟ್ಟಿಗೆಯ ಹಣೆಗೆ ಅದನ್ನಿಡುವುದು, ಅಜ್ಜನ ಫೋಟೋದಲ್ಲಿ ಅವರ ಕೈಗೆ ಮೊಬೈಲು ಬರೆದಂತೆ.

ಈ ಮಾತನ್ನು ಮಂಡ್ಯದ ಹಿರಿಯ ರಿಪೇರಿಯವರೊಬ್ಬರ ಮುಂದೆ ಎತ್ತಿದೆವು. "ಕೆಂಪು ಬಲ್ಬು ಎಲ್ ಸಿಕ್ತದೆ ಸಾಬ್ರೇ ಈಗ? ಗಿರಾಕಿಗೆ ನೀಲೀನೇ ಬೇಕು. ಪಸಂದಾಗ್ ಕಾಣ್ತದೆ ಅಂತರೆ," ಎಂದರು. 'ಪಸಂದ್' ನಮ್ಮ ಮನೆಮಾತಿನಿಂದ ಹೊರಟು ಮಂಡ್ಯದ ಗೌಡರ ಬಾಯಲ್ಲಿ ಅಪ್ಪಟ ಕನ್ನಡವಾದ ಪದ. ಉರ್ದುವಿನಲ್ಲಿ ಅದು ಬರೀ ಇಷ್ಟ, ಮಂಡ್ಯದಲ್ಲಿ ಅದು ಸೊಗಸು. ಗಿರಾಕಿಯ ಇಷ್ಟವೇ ಸೊಗಸು ಎಂದಾದ ಮೇಲೆ ರಿಪೇರಿಯವರನ್ನು ದೂರಿ ಫಲವಿಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇದೆ. ಹಳೆಯ ಬಲ್ಬು ಸುಮಾರು ಒಂದು ವಾಟು ತಿಂದು ಬಿಸಿ ಕಾರುತ್ತದೆ, ಆ ಬಿಸಿಗೆ ಪ್ಲಾಸ್ಟಿಕ್ಕಿನ ಡಯಲುಗಳು ಬಾಗಿ, ಕಾಗದದವು ಕಂದಿಹೋದದ್ದುಂಟು. ಎಲ್‌ಇಡಿ ತಣ್ಣಗಿರುತ್ತದೆ, ಬಹುಕಾಲ ಬಾಳುತ್ತದೆ.

ಆದರೆ ಬದಲಿಸುವುದಕ್ಕೂ ಒಂದು ವಿದ್ಯೆ ಬೇಕು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಸಿಗುವುದು ಕೆಂಪಲ್ಲ, ಪೇಲವವಾದ ಗುಲಾಬಿ, ಯಾಕೆಂದರೆ ಆ ಬಿಳಿಯಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಅದೇ ಗಾಜಿನ ಹಿಂದೆ ನೀಲಿ ಇಟ್ಟರೆ ಬಹುಪಾಲು ಕತ್ತಲೆ. ಆಗ ಗಾಜನ್ನೇ ಕಿತ್ತು ಬಿಸಾಡುತ್ತಾರೆ, ಅಲ್ಲಿಗೆ ಮೂಲದ ಕುರುಹೇ ಅಳಿಯಿತು. 6.3 ವೋಲ್ಟಿನ ಎ.ಸಿ.ಗೆ ಬರೀ ರೆಸಿಸ್ಟರು ಹಾಕಿ ಎಲ್‌ಇಡಿ ಜೋಡಿಸಿದರೆ ತಿರುಗು ವೋಲ್ಟೇಜಿನ ಹೊಡೆತಕ್ಕೆ ಅದು ಬೇಗ ಸಾಯುತ್ತದೆ. ಜೊತೆಗೊಂದು ಡಯೋಡು ಬೇಕು. ಇನ್ನು ಟ್ರಾನ್ಸ್‌ಫಾರ್ಮರಿಲ್ಲದ ಕೆಲವು ಎ.ಸಿ.-ಡಿ.ಸಿ. ರೇಡಿಯೋಗಳಲ್ಲಿ ಡಯಲಿನ ಬಲ್ಬು ಫಿಲಮೆಂಟುಗಳ ಸರಪಳಿಯದೇ ಒಂದು ಕೊಂಡಿ. ಅಲ್ಲಿ ಲೆಕ್ಕವಿಲ್ಲದೆ ಕೈಯಾಡಿಸಿದರೆ ಇಡೀ ಸರಪಳಿಯ ಲೆಕ್ಕ ತಪ್ಪುತ್ತದೆ.

ರೇಡಿಯೋಗಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು. ಡಯಲಿನ ಗಾಜು ಒಂದು ಪಠ್ಯ. ದೆಹಲಿ, ಸಿಲೋನ್, ಲಂಡನ್ ಎಂದು ಊರುಗಳ ಹೆಸರು ಬರೆದ ಆ ಗಾಜಿನ ಬಣ್ಣಗಳನ್ನು ಆಯ್ದದ್ದು ಬಲ್ಬಿನ ಹಳದಿ ಬೆಳಕಿಗೆ ಹೊಂದುವಂತೆ. ಮದ್ದೂರಿನ ಬಳಿ ಹಳೆಯ ಹೆದ್ದಾರಿಯ ಹೋಟೆಲೊಂದರಲ್ಲಿ ಅಂಥ ರೇಡಿಯೋ ಅಲಂಕಾರಕ್ಕಿದೆ. ಒಳಗೆ ನೀಲಿ ಎಲ್‌ಇಡಿ ಪಟ್ಟಿ ಅಂಟಿಸಿದ್ದಾರೆ. ಕೆನೆ ಬಣ್ಣದ ಅಕ್ಷರಗಳು ಆಸ್ಪತ್ರೆಯ ಗೋಡೆಯಂತೆ ಕಾಣುತ್ತಿದ್ದವು, ಕೆಂಪು ಗೆರೆಗಳು ಕಪ್ಪಾಗಿದ್ದವು. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಬಂದು ಊರನ್ನು ಬಳಸಿ ಹೋದ ಮೇಲೆ, ವಡೆಗೆಂದು ನಿಲ್ಲುವ ಕಾರುಗಳು ಕಡಿಮೆಯಾಗಿ, ಇದ್ದ ಗಿರಾಕಿಗಳನ್ನು ಸೆಳೆಯಲು 'ಹಳೆಯ ಕಾಲ'ದ ಮೋಡಿ ಬೇಕಾಗಿದೆ. ಆ ಮೋಡಿಯಲ್ಲಿ ಹಳೆಯ ಕಾಲವೊಂದು ಬಿಟ್ಟು ಎಲ್ಲವೂ ಇದೆ.

'ಮ್ಯಾಜಿಕ್ ಐ' ಎಂಬ ಹಸಿರು ಕಣ್ಣಿನ ಕಥೆಯೇ ಬೇರೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಈ ವಾಲ್ವು, ಸ್ಟೇಷನ್ನು ಸರಿಯಾಗಿ ಸಿಕ್ಕಾಗ ತನ್ನ ನೆರಳನ್ನು ಮುಚ್ಚಿಕೊಳ್ಳುತ್ತದೆ. ಉರಿದಷ್ಟೂ ಅದರ ಹಸಿರು ಲೇಪ ಸವೆಯುತ್ತದೆ. ಚೆನ್ನಾಗಿ ಬಳಸಿದ ಮನೆಯ ರೇಡಿಯೋದ ಕಣ್ಣು ಮಸುಕಾಗಿಯೇ ಇರುತ್ತದೆ. ಇ.ಎಂ. 80, ಇ.ಎಂ. 84 ಮಾದರಿಗಳ ಹಳೆಯ ದಾಸ್ತಾನು ಹುಡುಕಿದರೆ ಇನ್ನೂ ಸಿಗುತ್ತದೆ, ಅದನ್ನು ಹಾಕಿಸುವುದು ಸರಿಯಾದ ರಿಪೇರಿ. ಆದರೆ ಆ ಜಾಗದಲ್ಲಿ ಸದಾ ಒಂದೇ ಸಮನೆ ಬೆಳಗುವ ಹಸಿರು ಎಲ್‌ಇಡಿ ಇಡುವುದು ಕುರುಡನಿಗೆ ಗಾಜಿನ ಕಣ್ಣು ಹಾಕಿ ದಾರಿ ತೋರಿಸೆಂದಂತೆ. ಅದಕ್ಕಿಂತ ಮಸುಕಾದ ಮೂಲವೇ ವಾಸಿ.

ಮೈಕ್‌ಸೆಟ್ಟಿನ ಬಣ್ಣದ ಬಗ್ಗೆ ಮತ್ತೊಂದು ಮಾತು ಹೇಳಲೇಬೇಕು. ಸೌಂಡ್ ಸರ್ವೀಸಿನ ಒಂದೇ ಸೆಟ್ಟು ಮಳವಳ್ಳಿಯ ಸಿಡಿ ಹಬ್ಬಕ್ಕೂ, ದರ್ಗಾದ ಉರುಸಿನ ಕವ್ವಾಲಿಗೂ, ರೈತಸಂಘದ ಸಭೆಗೂ ಬಾಡಿಗೆಗೆ ಹೋಗುತ್ತಿದ್ದ ಕಾಲವದು. ದೀಪ ಎಲ್ಲರಿಗೂ ಕೆಂಪೇ. ಅದು ಯಾರ ಬಣ್ಣವೂ ಅಲ್ಲದ ಕೆಂಪು, ಕರೆಂಟಿದೆ ಎನ್ನುವಷ್ಟಕ್ಕೆ ಮಾತ್ರ ಸೇರಿದ ಕೆಂಪು. ಈಗ ಬೇಕಾದ ಬಣ್ಣ ಸಿಗುತ್ತದೆಂದು ಕೆಲವರು ಹಸಿರೇ ಇರಲಿ, ಕೆಲವರು ಕೇಸರಿಯೇ ಇರಲಿ ಎಂದು ಕೇಳುತ್ತಾರಂತೆ. ಅಂಗಡಿಯವರು ಇದನ್ನು ತಮಾಷೆಯಾಗಿ ಹೇಳಿದರು. ನಮಗೆ ನಗು ಬರಲಿಲ್ಲ.

ಮೂಲ ಬಲ್ಬು ಸಿಗದಿದ್ದರೆ ಬದಲಿಸಬಾರದೆಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 6.3 ವೋಲ್ಟಿನ ಪುಟ್ಟ ಬಲ್ಬುಗಳನ್ನು ಕೇಳಿ ನೋಡಬಹುದು. ಸಿಗದಿದ್ದರೆ ಕೆಂಪು ಗಾಜಿನ ಹಿಂದೆ ಕೆಂಪನ್ನೇ, ಡಯಲಿನ ಹಿಂದೆ ಹಳದಿ ಮಿಶ್ರಿತ ಬಿಳಿಯನ್ನೇ, ಕಡಿಮೆ ಪ್ರಖರತೆಯದನ್ನು ನೋಡಿ, ವಾಲ್ವಿನ ಸುತ್ತಿಗೇ ಜೋಡಿಸಿದರೆ ಸಾಕು. ತೆಗೆದ ಗಾಜನ್ನೂ ಸುಟ್ಟ ಬಲ್ಬನ್ನೂ ಕಾಗದದಲ್ಲಿ ಸುತ್ತಿ, ಏನು ಯಾವಾಗ ಬದಲಾಯಿತೆಂದು ಅದರ ಮೇಲೆ ಬರೆದು, ಬಿಸಿ ತಾಗದಂತೆ ಪೆಟ್ಟಿಗೆಯೊಳಗೇ ಒಂದು ಮೂಲೆಗೆ ಕಟ್ಟಿಡಬಹುದು. ಮುಂದೆ ಆ ಸೆಟ್ಟನ್ನು ಬಿಚ್ಚುವವನಿಗೆ ಅದರ ಬಣ್ಣ ಯಾವುದಿತ್ತೆಂದು ಯಾರನ್ನೂ ಕೇಳುವ ಗರಜು ಬೀಳದು.